ಘಟ್ಟದ ನೀರು, ಕಡಲಿನ ಸಿಗಡಿ

ಕೊಡಗಿಗೆ ಕಡಲಿಲ್ಲ. ಆದರೆ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಣಸಿಗಡಿ ಮಾರುವವರು ಕಾಣದ ವಾರ ಅಪರೂಪ. ಮಳೆ ಹಿಡಿಯುವ ಮೊದಲು ಡಬ್ಬಿ ತುಂಬಿಸಿಟ್ಟುಕೊಂಡು, ಜೂನ್-ಜುಲೈನಲ್ಲಿ ಹುರಿದು ಕಾಯಿ-ಮೆಣಸಿನ ಜೊತೆ ಚಟ್ನಿ ಅರೆದು ಅಕ್ಕಿರೊಟ್ಟಿಗೆ ಹಚ್ಚಿಕೊಳ್ಳುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಹಸಿ ಸಿಗಡಿ ಐಸ್ ತುಂಬಿದ ಪೆಟ್ಟಿಗೆಗಳಲ್ಲಿ ಬರುತ್ತದೆ. ಮಂಗಳೂರಿನದು ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ, ಕಣ್ಣೂರು-ತಲಶ್ಶೇರಿ ಕಡೆಯದು ಮಾಕುಟ್ಟ ದಾಟಿ ವಿರಾಜಪೇಟೆಗೆ.

ಸಿಗಡಿ ಹತ್ತಿ ಬರುವ ಈ ಎರಡು ದಿಕ್ಕಿಗೇ ಕೊಡಗಿನ ಒಂದಷ್ಟು ನೀರು ಇಳಿದು ಹೋಗುತ್ತದೆ. ಪುಷ್ಪಗಿರಿಯ ಮೈಯಿಂದ ಹೊರಟ ಹಳ್ಳಗಳು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತವೆ. ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಬ್ರಹ್ಮಗಿರಿ ಕಡೆಯ ಬಾರಾಪೊಳೆ ವಳಪಟ್ಟಣಂ ಹೊಳೆಗೆ ಹೋಗುತ್ತದೆ. ಕಾವೇರಿಯ ಹೆಸರಿನ ಎದುರು ಪಡುವಣಕ್ಕೆ ಹರಿಯುವ ಈ ನೀರು ನಮಗೆ ನೆನಪಾಗುವುದೇ ಕಡಿಮೆ. ನಮ್ಮ ಸಿಗಡಿ ಉದ್ಯಮದ ಸ್ಥಿತಿಯನ್ನು ಬೋಟುಗಳ ಸಂಖ್ಯೆಯಲ್ಲಿ, ದಕ್ಕೆಗೆ ಬಂದ ಟನ್ನುಗಳಲ್ಲಿ, ರಫ್ತಿನ ಕೋಟಿಗಳಲ್ಲಿ ಅಳೆಯುವುದು ರೂಢಿ. ಆದರೆ ಹಲವು ಜಾತಿಯ ಸಿಗಡಿ ಮರಿಗಳು ಬೆಳೆಯುವುದು ಹೊಳೆ ಕಡಲು ಸೇರುವ ಅಳಿವೆಗಳಲ್ಲಿ, ಹಾಗಾಗಿ ಅಳತೆ ಘಟ್ಟದ ಮೇಲಿನಿಂದಲೇ ಶುರುವಾಗಬೇಕು ಎಂಬುದು ನನ್ನ ವಾದ.

ಅದಕ್ಕೆ ಮೊದಲು ತಣ್ಣೀರಿನ ಸಿಗಡಿಯ ಮಾತು. ಕೊಡಗು ತಂಪು ನಾಡಲ್ಲವೇ, ಹಾಗಾದರೆ ಇಲ್ಲೇ ಏಕೆ ಸಾಕಬಾರದು ಎಂದು ಕೇಳುವವರಿದ್ದಾರೆ. ಜಗತ್ತಿನ ಮಾರುಕಟ್ಟೆಯಲ್ಲಿ ತಣ್ಣೀರಿನ ಸಿಗಡಿ ಎಂದರೆ ಮುಖ್ಯವಾಗಿ ಪ್ಯಾಂಡಲಸ್ ಬೋರಿಯಾಲಿಸ್. ಗ್ರೀನ್‌ಲ್ಯಾಂಡ್, ಕೆನಡಾ, ಐಸ್‌ಲ್ಯಾಂಡ್, ನಾರ್ವೆಗಳ ಸುತ್ತ ಸೊನ್ನೆಯಿಂದ ಎಂಟು ಡಿಗ್ರಿ ಸೆಲ್ಸಿಯಸ್ಸಿನ ಕಡಲಾಳದಲ್ಲಿ ಅದು ಬದುಕುತ್ತದೆ. ಕೊಡಗಿನ ಚಳಿಗೂ ಆ ಚಳಿಗೂ ಹೋಲಿಕೆಯೇ ಇಲ್ಲ. ಇತ್ತ ಸಿಹಿನೀರಿನ ದೊಡ್ಡ ಸಿಗಡಿ ಮ್ಯಾಕ್ರೊಬ್ರ್ಯಾಕಿಯಮ್ ರೋಸೆನ್‌ಬರ್ಗಿಯನ್ನು ಕೆರೆಯಲ್ಲಿ ಸಾಕೋಣವೆಂದರೆ ತೊಡಕು ತಿರುವುಮುರುವಾಗಿದೆ. ಅದಕ್ಕೆ ಬೆಚ್ಚನೆಯ ನೀರು ಬೇಕು, ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ನಮ್ಮ ಕೆರೆನೀರು ತಣ್ಣಗಾದಾಗ ಅದರ ಬೆಳವಣಿಗೆ ನಿಂತೇಬಿಡುತ್ತದೆ. ಬೆಳೆಯುವುದು ಸಿಹಿನೀರಿನಲ್ಲಾದರೂ ಮರಿ ಹುಟ್ಟಿ ಉಳಿಯುವುದು ಸವುಳು ನೀರಿನಲ್ಲಿ. ಹೀಗಾಗಿ ಬಿತ್ತನೆ ಕರಾವಳಿಯಿಂದಲೇ ಬರಬೇಕು. 2005ರ ಸುಮಾರಿಗೆ ದೇಶದಲ್ಲಿ 40 ಸಾವಿರ ಟನ್ ದಾಟಿದ್ದ ಈ ಸಾಕಣೆ ರೋಗ ಮತ್ತು ಕಳಪೆ ಬಿತ್ತನೆಯಿಂದ ಕೆಲವೇ ವರ್ಷಗಳಲ್ಲಿ ಕುಸಿಯಿತು. ಹಾರಂಗಿಯಲ್ಲಿ ಮಹಶೀರ್ ಮರಿ ಮಾಡುವ ಕೆಲಸಕ್ಕೆ ಅರ್ಥವಿದೆ, ಅದು ಈ ನೀರಿನದೇ ಮೀನು. ಸಿಗಡಿಯ ವಿಷಯದಲ್ಲಿ ಕೊಡಗಿನ ಪಾಲು ಕೆರೆಯಲ್ಲಿಲ್ಲ, ಹೊಳೆಯಲ್ಲಿದೆ.

ಉತ್ತರದ ತಣ್ಣೀರಿನ ಸಿಗಡಿಯ ಕಥೆ ನಮಗೆ ಬೇಕಾಗುವುದು ಇನ್ನೊಂದು ಕಾರಣಕ್ಕೆ. ಆ ಸಿಗಡಿ ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಐದಾರು ವರ್ಷ, ತಣ್ಣೀರು ಹೆಚ್ಚಿದ್ದಲ್ಲಿ ಇನ್ನೂ ಹೆಚ್ಚು ಬದುಕುತ್ತದೆ. ದೊಡ್ಡವನ್ನೆಲ್ಲ ಹಿಡಿದುಬಿಟ್ಟರೆ ಮೊಟ್ಟೆ ಹೊರುವ ಹೆಣ್ಣುಗಳೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಪ್ರತಿ ವರ್ಷ ಎಷ್ಟು ಹಿಡಿಯಬಹುದೆಂದು ಲೆಕ್ಕ ಕಟ್ಟಿ ಪಾಲು ಹಂಚುತ್ತಾರೆ. ಈ ಶತಮಾನದ ಆರಂಭದ ವರ್ಷಗಳಲ್ಲಿ 4 ಲಕ್ಷ ಟನ್ ದಾಟಿದ್ದ ಈ ಸಿಗಡಿಯ ಜಾಗತಿಕ ಇಳುವರಿ ಆಮೇಲೆ ಇಳಿಯಿತು. ಅಮೆರಿಕದ ಮೇನ್ ಕೊಲ್ಲಿ ಈ ಜೀವಿಯ ನೆಲೆಯ ದಕ್ಷಿಣದ ಅಂಚು. ಅಲ್ಲಿ ನೀರು ಬೆಚ್ಚಗಾಯಿತು, ಸಂತತಿ ಕುಸಿಯಿತು, 2014ರಲ್ಲಿ ಮೀನುಗಾರಿಕೆ ಮುಚ್ಚಿತು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರಲ್ಲಿ ಕಾಡ್ ಮೀನು ನಾಶವಾಗಿ ಅದರ ಮೀನುಗಾರಿಕೆ ನಿಂತ ಮೇಲೆ, ತಿನ್ನುವ ಬಾಯಿ ಕಡಿಮೆಯಾಗಿ ಸಿಗಡಿ ಹೆಚ್ಚಿತು, ಊರುಗಳು ಸಿಗಡಿ ಕಾರ್ಖಾನೆಗಳ ಮೇಲೆ ನಿಂತವು. ಕಾಡ್ ಚೇತರಿಸಿಕೊಳ್ಳತೊಡಗಿದಂತೆ, ನೀರೂ ಬೆಚ್ಚಗಾಗುತ್ತಿದ್ದಂತೆ, ಸಿಗಡಿ ಮತ್ತೆ ಕುಗ್ಗಿತು. ಕೋಟಾ ಇದ್ದೂ, ವಿಜ್ಞಾನಿಗಳಿದ್ದೂ, ನೀರು ಬದಲಾದರೆ ಉದ್ಯಮ ಉಳಿಯುವುದಿಲ್ಲ ಎಂಬುದನ್ನು ಅವರು ನಷ್ಟ ತೆತ್ತು ಕಲಿತಿದ್ದಾರೆ.

ಆ ತಣ್ಣೀರಿನ ನಾಡಿನವರೇ ನಮ್ಮ ಕಡಲಿಗೆ ಯಂತ್ರದ ಮೀನುಗಾರಿಕೆಯನ್ನು ತಂದವರು. 1952ರ ಅಕ್ಟೋಬರಿನಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಮಾಡಿಕೊಂಡ ಒಪ್ಪಂದದಿಂದ ಇಂಡೋ-ನಾರ್ವೇಜಿಯನ್ ಯೋಜನೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾಯಿತು. 1960ರ ದಶಕದಲ್ಲಿ ಅದರ ಕೆಲಸ ಕಾರವಾರಕ್ಕೂ ಬಂತು. ಮೀನುಗಾರರ ಬದುಕು ಸುಧಾರಿಸುವುದು, ಊರಿನ ಜನಕ್ಕೆ ಒಳ್ಳೆಯ ಮೀನು ಸಿಗುವುದು ಮೂಲ ಉದ್ದೇಶ. ಆದರೆ ಅದೇ ಹೊತ್ತಿಗೆ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹಡಗೇರತೊಡಗಿತ್ತು. ಅಲ್ಲಿಯವರೆಗೆ ಒಣಗಿಸಿ ಮಾರುತ್ತಿದ್ದ, ತೆಂಗಿನ ಬುಡಕ್ಕೂ ಹಾಕುತ್ತಿದ್ದ ಸಿಗಡಿ ಡಾಲರು ತರುವ ಸರಕಾಯಿತು. ಟ್ರಾಲ್ ಬೋಟುಗಳು ಅದರ ಬೆನ್ನು ಹತ್ತಿದವು, ಊರಿನ ಜನದ ತಟ್ಟೆಯ ಮಾತು ಹಿಂದೆ ಬಿತ್ತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು, 1972ರಲ್ಲಿ ಕೊಚ್ಚಿಯಲ್ಲಿ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ ಬಂದವು. 70ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಇಳಿದು, ಊರಿಗೆ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಗಳು ದಡ ಸೇರಿದವು. ಆ ನೋವು ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಇಂಡೋ-ನಾರ್ವೇಜಿಯನ್ ಯೋಜನೆಯ 'ವರುಣ' ಎಂಬ ನೌಕೆ ಕೇರಳದ ಆಚೆಯ ಆಳದಲ್ಲಿ ಬಲೆ ಎಳೆದಾಗ ಕೆಂಪು ಸಿಗಡಿಗಳು ಸಿಕ್ಕವು. ಅವುಗಳಲ್ಲಿ ಹೆಟೆರೊಕಾರ್ಪಸ್, ಪ್ಲೆಸಿಯೋನಿಕ ಜಾತಿಗಳು ಉತ್ತರದ ತಣ್ಣೀರಿನ ಸಿಗಡಿಯ ಕುಟುಂಬದವೇ. ಅರಬ್ಬಿ ಸಮುದ್ರದ ಮೇಲ್ಮೈ ಬೆಚ್ಚಗಿದ್ದರೂ ಇನ್ನೂರು-ಮುನ್ನೂರು ಮೀಟರ್ ಕೆಳಗೆ ನೀರು ತಂಪು. ನಮ್ಮ ಭಾಗದ ತಣ್ಣೀರಿನ ಸಿಗಡಿ ಎಂದು ಕರೆಯಬಹುದಾದದ್ದು ಇದೊಂದೇ. 1999ರ ಹೊತ್ತಿಗೆ ಕೊಲ್ಲಂ ಕಡೆಯ ಬೋಟುಗಳು ಅದನ್ನು ಹಿಡಿಯಲು ನುಗ್ಗಿದವು. ಮೊದಲ ಒಂದೆರಡು ಋತುಗಳ ಭರಾಟೆ ಆಮೇಲೆ ಉಳಿಯಲಿಲ್ಲ. ಆಳದ ಜೀವಿ ನಿಧಾನಕ್ಕೆ ಬೆಳೆಯುತ್ತದೆ, ಕಡಿಮೆ ಮೊಟ್ಟೆ ಇಡುತ್ತದೆ. ಉತ್ತರದವರು ಅಂಥದ್ದಕ್ಕೆ ಕೋಟಾ ಇಟ್ಟರು, ನಾವು ಯಾವ ಮಿತಿಯನ್ನೂ ಇಡದೆ ಹೋದೆವು.

ಕರ್ನಾಟಕದ ದಕ್ಕೆಗಳಿಗೆ ಬರೋಣ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ. ಸುಮಾರು 320 ಕಿಲೋಮೀಟರ್ ಕರಾವಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ರಾಜ್ಯದ ದಡಕ್ಕೆ ಬಂದ ಮೀನು ಸುಮಾರು 7 ಲಕ್ಷ ಟನ್, ದೇಶದಲ್ಲಿ ತಮಿಳುನಾಡಿನ ನಂತರದ ಸ್ಥಾನ. ಇದರಲ್ಲಿ ಬೂತಾಯಿ, ಬಂಗುಡೆ, ಮದ್ಮಲ್, ಬೊಂಡಾಸೆಗಳ ಪಾಲೇ ದೊಡ್ಡದು. ಸಿಗಡಿ ತೂಕದಲ್ಲಿ ಚಿಕ್ಕದು, ದುಡ್ಡಿನಲ್ಲಿ ದೊಡ್ಡದು.

ಸಿಗಡಿ ಹಿಡಿಯುವವರಲ್ಲೂ ಮೂರು ಬಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧವಿರುವಾಗ ನಾಡದೋಣಿಯವರು ತೀರದ ಬಳಿ ಬಲೆ ಬಿಡುತ್ತಾರೆ. ತೂಫಾನೆದ್ದು ಕಡಲು ಕದಡಿದರೆ ಸಿಗಡಿ ದಡಕ್ಕೆ ಬರುತ್ತದೆಂದು ಅವರು ಕಾಯುತ್ತಾರೆ. ಕಡಲು ಕದಡದ ವರ್ಷ ಅವರ ಪಾಲಿಗೆ ಬರಗಾಲ. ಎರಡನೆಯವರು ಬೆಳಿಗ್ಗೆ ಹೋಗಿ ಸಂಜೆ ಮರಳುವ ಸಣ್ಣ ಟ್ರಾಲ್ ಬೋಟಿನವರು, ಕರಿಕಡಿ, ಪೂವಾಲನ್ ಜಾತಿಯ ಸಿಗಡಿಗಳು ಇವರ ಬೆಳೆ. ಮೂರನೆಯದು ಹತ್ತಾರು ದಿನ ಕಡಲಲ್ಲೇ ಉಳಿಯುವ ಆಳಸಮುದ್ರ ಬೋಟುಗಳು, ಮಲ್ಪೆಯಲ್ಲಿ ತ್ರಿಸೆವೆಂಟಿ ಎನ್ನುತ್ತಾರೆ. ಇವುಗಳ ಬಲೆಗೆ ಸೊಲೆನೋಸೆರ ಎಂಬ ಆಳದ ಕೆಸರು ಸಿಗಡಿ ಬೀಳುತ್ತದೆ. ಹಿಂದೆ ಮಂಗಳೂರಿನಲ್ಲಿ ಲೆಕ್ಕಕ್ಕೇ ಇರದಿದ್ದ ಈ ಜಾತಿ ಈಗ ಮುಖ್ಯ ಸರಕುಗಳಲ್ಲೊಂದು. ಬೋಟುಗಳು ದೂರ ಹೋದಷ್ಟೂ ಡೀಸೆಲ್ ಹೆಚ್ಚು, ಐಸ್ ಹೆಚ್ಚು, ಸಾಲ ಹೆಚ್ಚು. ಬೋಟು ನಡೆಸುವ ತಾಂಡೇಲ ಊರಿನವನಾದರೂ ಬೋಟಿನಲ್ಲಿ ದುಡಿಯುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಹಳ.

ಟ್ರಾಲ್ ಬಲೆ ಸಿಗಡಿಯನ್ನು ಮಾತ್ರ ಹಿಡಿಯುವುದಿಲ್ಲ. ಕಡಲ ತಳವನ್ನು ಬಾಚಿಕೊಂಡು ಬರುವಾಗ ಒಂದು ಕಿಲೋ ಸಿಗಡಿಯ ಜೊತೆ ಹಲವು ಕಿಲೋ ಬೇರೆ ಜೀವಗಳು, ಅದರಲ್ಲೂ ನಾಳೆ ದೊಡ್ಡದಾಗಿ ನೂರಾರು ರೂಪಾಯಿಗೆ ಮಾರಬೇಕಾದ ಮೀನಿನ ಮರಿಗಳು ಬರುತ್ತವೆ. ಹಿಂದೆ ಅದನ್ನು ಕಡಲಿಗೇ ಎಸೆಯುತ್ತಿದ್ದರು, ಈಗ ಫಿಶ್‌ಮಿಲ್‌ಗೆ ಕೊಡುತ್ತಾರೆ. ಉಳ್ಳಾಲ, ಮಲ್ಪೆ ಸುತ್ತಿನ ಫಿಶ್‌ಮಿಲ್‌ಗಳು ಅದನ್ನು ಹಿಟ್ಟು ಮಾಡುತ್ತವೆ. ಆ ಹಿಟ್ಟು ಕೋಳಿಗೂ ಮೀನಿಗೂ ಸಾಕಣೆ ಸಿಗಡಿಗೂ ಮೇವಾಗುತ್ತದೆ. ಆ ಸಾಕಣೆ ಸಿಗಡಿ ಬಹುಪಾಲು ಆಂಧ್ರದ ಕೊಳಗಳ ವನ್ನಾಮಿ. 2009ರಲ್ಲಿ ಈ ವಿದೇಶಿ ಜಾತಿಗೆ ಅನುಮತಿ ಸಿಕ್ಕ ಮೇಲೆ ಇಡೀ ಮಾರುಕಟ್ಟೆ ಅದರ ಕೈಗೆ ಹೋಯಿತು. ಅಂದರೆ ನಮ್ಮ ಬೋಟು ಹಿಡಿದು ತಂದ ಮರಿಮೀನು, ನಮ್ಮ ಬೋಟಿನ ಸಿಗಡಿಯ ಬೆಲೆ ಇಳಿಸುವ ಸಿಗಡಿಗೆ ಊಟವಾಗುತ್ತಿದೆ. ನಮ್ಮ ಮೀನುಗಾರಿಕೆಯ ದೊಡ್ಡ ಗಾಯ ಇದು. ಫಿಶ್‌ಮಿಲ್ ಮುಚ್ಚಿ ಎಂದು ಹೇಳುವುದು ಸುಲಭ. ಆದರೆ ಡೀಸೆಲ್ಲಿನ ಖರ್ಚು ಹುಟ್ಟದ ಪ್ರಯಾಣದಲ್ಲಿ ಬೋಟು ಮಾಲಕರನ್ನು ಉಳಿಸುವುದು ಆ ಮರಿಮೀನಿನ ದುಡ್ಡೇ. ಬಲೆಯ ಚೀಲದ ಕಣ್ಣು 35 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂಬ ನಿಯಮ ಕಾಗದದ ಮೇಲಿದೆ. ದಕ್ಕೆಯಲ್ಲಿ ಅದನ್ನು ಅಳೆದು ನೋಡುವ ಕೈಗಳು ಸಾಲದು.

ಸಂಸ್ಕರಣೆಯ ಕಡೆ ಬಂದರೆ, ಸಿಗಡಿ ಉದ್ಯಮದ ನಿಜವಾದ ಕೆಲಸ ಹೆಂಗಸರ ಕೈಯಲ್ಲಿದೆ. ತಲೆ ಮುರಿಯುವುದು, ಸಿಪ್ಪೆ ಸುಲಿಯುವುದು, ಬೆನ್ನಿನ ಕಪ್ಪು ನರ ಎಳೆಯುವುದು, ಕೌಂಟಿನ ಪ್ರಕಾರ, ಅಂದರೆ ಗಾತ್ರದಂತೆ, ಬೇರ್ಪಡಿಸುವುದು. ಐಸ್ ನೀರಿನಲ್ಲಿ ಗಂಟೆಗಟ್ಟಲೆ ಅದ್ದಿದ ಬೆರಳು ಬಿರಿಯುತ್ತದೆ, ಸಿಗಡಿಯ ಮುಳ್ಳು ತಾಗಿದ ಗಾಯ ಬೇಗ ಮಾಯುವುದಿಲ್ಲ. ಕೂಲಿ ಬಹಳ ಕಡೆ ಕಿಲೋ ಲೆಕ್ಕದಲ್ಲಿ. ಸಿಗಡಿ ಬಂದ ದಿನ ಕೆಲಸ, ಬಾರದ ದಿನ ಇಲ್ಲ. ಉತ್ತರದ ದೇಶಗಳಲ್ಲಿ ಬೇಯಿಸಿ ಯಂತ್ರದಲ್ಲಿ ಸುಲಿದು ಬಿಡಿಬಿಡಿಯಾಗಿ ಹೆಪ್ಪುಗಟ್ಟಿಸುತ್ತಾರೆ. ನಮ್ಮಲ್ಲಿ ಒಂದೇ ಬಲೆಯಲ್ಲಿ ನಾಲ್ಕಾರು ಜಾತಿ, ಹತ್ತಾರು ಗಾತ್ರ ಬರುವುದರಿಂದ ಕೈಯೇ ಬೇಕು. ಆಮೇಲೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಹಲಗೆಗಟ್ಟಿಸಿ, ಶೀತಲಗೃಹದಲ್ಲಿ ಮೈನಸ್ 18ರಲ್ಲಿ ಇಡುತ್ತಾರೆ. 1997ರಲ್ಲಿ ಸ್ವಚ್ಛತೆಯ ಕಾರಣ ಕೊಟ್ಟು ಐರೋಪ್ಯ ಒಕ್ಕೂಟ ಭಾರತದ ಸಾಗರೋತ್ಪನ್ನವನ್ನು ತಡೆದಾಗ ಕರಾವಳಿಯುದ್ದಕ್ಕೂ ಕಾರ್ಖಾನೆಗಳು ತತ್ತರಿಸಿದವು. ಸುಲಿಯುವ ಶೆಡ್ಡುಗಳು ಕಾರ್ಖಾನೆಯ ಗೋಡೆಯೊಳಗೆ ಬಂದವು, ಹೆಂಚು, ಸ್ಟೀಲು ಮೇಜು, ಕೈಗವಸು, ತಪಾಸಣೆ ಎಲ್ಲ ಬಂತು. ಕೆಲಸದ ಜಾಗ ಸುಧಾರಿಸಿತು. ಮನೆಯಂಗಳದಲ್ಲಿ ಕೂತು ಸುಲಿಯುತ್ತಿದ್ದವರಿಗೆ ಆ ದುಡಿಮೆ ತಪ್ಪಿತು.

ಇತ್ತೀಚಿನ ಹೊಡೆತ ಬಲೆಯ ಕಡೆಯಿಂದಲೇ. ಕಡಲಾಮೆ ಪಾರಾಗುವ ಸಾಧನ ಅಳವಡಿಸದ ಟ್ರಾಲ್ ಬಲೆಯ ಸಿಗಡಿಯನ್ನು ಅಮೆರಿಕ ತನ್ನ ಕಾನೂನಿನಂತೆ ಒಳಗೆ ಬಿಡುವುದಿಲ್ಲ. 1990ರ ದಶಕದಲ್ಲಿ ಭಾರತ ಬೇರೆ ಮೂರು ಏಷ್ಯನ್ ದೇಶಗಳ ಜೊತೆ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಇದನ್ನು ಪ್ರಶ್ನಿಸಿತ್ತು. 2010ರ ದಶಕದ ಕೊನೆಯಲ್ಲಿ ನಿಷೇಧ ಬಿಗಿಯಾಗಿ, ಭಾರತದ ಕಡಲಲ್ಲಿ ಹಿಡಿದ ಸಿಗಡಿಗೆ ಆ ಬಾಗಿಲು ಮುಚ್ಚಿತು. 2024-25ರಲ್ಲಿ ದೇಶ ರಫ್ತು ಮಾಡಿದ ಸಾಗರೋತ್ಪನ್ನ ಸುಮಾರು 17 ಲಕ್ಷ ಟನ್, 62,408 ಕೋಟಿ ರೂಪಾಯಿಯದು. ಅದರಲ್ಲಿ ಹೆಪ್ಪುಗಟ್ಟಿಸಿದ ಸಿಗಡಿಯೇ 7.4 ಲಕ್ಷ ಟನ್, 43 ಸಾವಿರ ಕೋಟಿಗೂ ಹೆಚ್ಚು. ಈ ಹಬ್ಬದ ಊಟ ಸಾಕಣೆ ಕೊಳದವರದು. ಕಡಲಿನ ಸಿಗಡಿಯನ್ನೇ ನಂಬಿದ ಕರ್ನಾಟಕದ ಬೋಟುಗಳಿಗೆ ಸಿಕ್ಕಿದ್ದು ಅಂಚಿನ ಎಲೆ. 2025ರ ಆಗಸ್ಟಿನಲ್ಲಿ ಅಮೆರಿಕ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಕೊಳದವರೂ ಬೇರೆ ಮಾರುಕಟ್ಟೆ ಹುಡುಕತೊಡಗಿದರು. ಅವರು ಹೋಗುವ ಮಾರುಕಟ್ಟೆಗಳಲ್ಲೇ ನಮ್ಮ ಕರಿಕಡಿಗೂ ಗಿರಾಕಿ ಬೇಕು.

ಆಮೆಯ ಸಾಧನ ಎಂದರೆ ಬಲೆಯ ಗಂಟಲಲ್ಲಿ ಓರೆಯಾಗಿ ಕೂರಿಸಿದ ಸರಳುಗಳು, ಮೇಲೊಂದು ಕಿಂಡಿ. ಸಿಗಡಿ ಸರಳಿನ ನಡುವೆ ನುಸುಳಿ ಚೀಲಕ್ಕೆ ಹೋಗುತ್ತದೆ, ಆಮೆ ಕಿಂಡಿಯಿಂದ ಹೊರಬೀಳುತ್ತದೆ. ನಾರ್ವೆಯ ತಣ್ಣೀರಿನ ಸಿಗಡಿಯವರೂ ಇಂಥದ್ದನ್ನೇ ಬಳಸುತ್ತಾರೆ. ಅಲ್ಲಿನ ಮೀನುಗಾರರು ಲೋಳೆಮೀನಿನ ಕಾಟ ತಪ್ಪಿಸಲು ಮಾಡಿಕೊಂಡಿದ್ದ ಜಾಲರಿ ಮರಿಮೀನುಗಳನ್ನೂ ಉಳಿಸುತ್ತದೆಂದು ಗೊತ್ತಾಗಿ 1990ರ ದಶಕದ ಆರಂಭದಲ್ಲಿ ಕಡ್ಡಾಯವಾಯಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟಿಗೆ ಹೊಂದುವಂಥದ್ದನ್ನು ಎಂದೋ ಮಾಡಿಕೊಟ್ಟಿದೆ. ನಮ್ಮವರು ಹಿಂಜರಿಯುವುದಕ್ಕೆ ಕಾರಣವಿದೆ. ನಾರ್ವೆಯವನ ದುಡಿಮೆ ಸಿಗಡಿಯೊಂದರಿಂದ. ಮಲ್ಪೆಯವನದು ಬಲೆಗೆ ಬಿದ್ದ ಎಲ್ಲದರಿಂದ. ಕಿಂಡಿಯಲ್ಲಿ ದೊಡ್ಡ ಮೀನೊಂದು ಹಾರಿಹೋದರೆ ಅವನ ದಿನದ ಲಾಭ ಹೋದಂತೆ. ಆ ನಷ್ಟವನ್ನು ತುಂಬಿಕೊಡದೆ ನಿಯಮ ಹೇರಿದರೆ ನಡೆಯದು. ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಅವುಗಳ ಗೂಡಿಗೆ ಕಾವಲಿರುವವರಲ್ಲಿ ಮೀನುಗಾರರೂ ಇದ್ದಾರೆ. ಆಮೆಯ ಮೇಲೆ ಅವರಿಗೆ ದ್ವೇಷವಿಲ್ಲ.

ಬೋಟು, ಬಲೆ, ಕಾರ್ಖಾನೆ, ಸುಂಕ, ಇವೆಲ್ಲದರ ಬಗ್ಗೆ ಸಭೆಗಳಲ್ಲಿ ಮಾತಾಗುತ್ತದೆ. ಮಾತಾಗದೆ ಉಳಿಯುವುದು ಅಳಿವೆ. ನಮ್ಮ ತೀರದ ಸಿಗಡಿ ಬದುಕುವುದು ಒಂದೆರಡು ವರ್ಷ ಅಷ್ಟೇ, ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಹಾಗಾಗಿ ಅತಿಯಾಗಿ ಹಿಡಿದರೂ ಮರುವರ್ಷ ಚೇತರಿಸಿಕೊಳ್ಳುವ ಶಕ್ತಿ ಅದಕ್ಕಿದೆ. ತಣ್ಣೀರಿನ ಸಿಗಡಿಗೆ ಅದಿಲ್ಲ. ಆದರೆ ಮರಿ ಬೆಳೆಯುವ ಜಾಗವೇ ಹೋದರೆ ಯಾವ ಚೇತರಿಕೆಯೂ ಸಾಧ್ಯವಿಲ್ಲ. ಬಿಳಿ ಸಿಗಡಿ, ಪೂವಾಲನ್, ಟೈಗರ್ ಮುಂತಾದವು ಕಡಲಲ್ಲಿ ಮೊಟ್ಟೆಯೊಡೆದು, ಎರಡು-ಮೂರು ವಾರಗಳಲ್ಲಿ ಅಕ್ಕಿಕಾಳಿನಷ್ಟೂ ಇಲ್ಲದ ಮರಿಗಳಾಗಿ ಭರತದ ನೀರಿನ ಜೊತೆ ಅಳಿವೆಯೊಳಗೆ ಬರುತ್ತವೆ. ಕಾಂಡ್ಲಾ ಬೇರುಗಳ ನಡುವೆ, ಕೆಸರಿನಲ್ಲಿ, ಉಪ್ಪು-ಸಿಹಿ ಬೆರೆತ ನೀರಿನಲ್ಲಿ ಕೆಲವು ತಿಂಗಳು ಬೆಳೆದು ಕಡಲಿಗೆ ಮರಳುತ್ತವೆ. ಕರಿಕಡಿ ಹಾಗಲ್ಲ, ಅದರ ಇಡೀ ಬದುಕು ಕಡಲಲ್ಲೇ. ಆಳದ ಸೊಲೆನೋಸೆರವೂ ಹಾಗೆಯೇ. ಅಳಿವೆಯ ಹಂಗಿಲ್ಲದ ಈ ಎರಡೇ ಇವತ್ತು ಟ್ರಾಲ್ ಬೋಟುಗಳ ಮುಖ್ಯ ಆಸರೆಯಾಗಿರುವುದನ್ನು ನಾನು ಆತಂಕದಿಂದ ನೋಡುತ್ತೇನೆ. ಹೆಚ್ಚು ಬೆಲೆಯ ಬಿಳಿ ಸಿಗಡಿ, ಟೈಗರ್‌ಗಳು ಅಳಿವೆಯ ಮಕ್ಕಳು.

ಅಳಿವೆ ಹೇಗಿರಬೇಕು ಎಂಬುದಕ್ಕೆ ಉತ್ತರ ಕನ್ನಡದಲ್ಲಿ ಅಕ್ಕಪಕ್ಕದ ಎರಡು ಹೊಳೆಗಳಿವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಗಜನಿ ಎಂದು ಕರೆಯುವ ಉಪ್ಪುನೀರಿನ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಭರತ ತಂದ ಸಿಗಡಿ. ಮೇವು ಹಾಕಬೇಕಾಗಿಲ್ಲ, ಔಷಧಿಯೂ ಬೇಕಿಲ್ಲ. 90ರ ದಶಕದಲ್ಲಿ ಈ ಭೂಮಿಯ ಮೇಲೆ ತೀವ್ರ ಸಾಕಣೆಯ ಗುತ್ತಿಗೆದಾರರ ಕಣ್ಣು ಬಿತ್ತು. ದೇಶದ ಕೊಳಗಳಲ್ಲಿ ಬಿಳಿಚುಕ್ಕೆ ರೋಗ ಹರಡಿ, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರದ ಸಿಗಡಿ ಉದ್ಯಮಕ್ಕೆ ಕಡಿವಾಣ ಹಾಕುವ ಹೊತ್ತಿಗೆ ಹಲವು ಗದ್ದೆಗಳಲ್ಲಿ ಭತ್ತದ ಬೇಸಾಯ ನಿಂತುಹೋಗಿತ್ತು. ಆದರೂ ಅಳಿವೆ ಬದುಕಿದೆ, 2024ರಲ್ಲಿ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ದಕ್ಷಿಣಕ್ಕೆ ಶರಾವತಿ. ಅದಕ್ಕೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಗೇರುಸೊಪ್ಪೆಯದು. ವಿದ್ಯುತ್ ಮಾಡಿದ ನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತಲೇ ಇರುವುದರಿಂದ ಉಪ್ಪಿನಂಶ ಕಡಿಮೆಯಾಗಿ ಮೀನಿನ ಜಾತಿಗಳು ಕುಗ್ಗಿವೆ, ಚಿಪ್ಪು ಆಯುವವರ ಕೆಲಸ ಹೋಗಿದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳ ತಂಡ ತೋರಿಸಿಕೊಟ್ಟಿದೆ. ನೀರು ಕಡಿಮೆಯಾದರೂ ಕೆಡುಕು, ಕಾಲವಲ್ಲದ ಕಾಲದಲ್ಲಿ ಹೆಚ್ಚಾದರೂ ಕೆಡುಕು. ಅಳಿವೆಗೆ ಬೇಕಾದ್ದು ಮಳೆಯ ಲಯ.

ಆ ಲಯ ನೇತ್ರಾವತಿಗೂ ಚಂದ್ರಗಿರಿಗೂ ಘಟ್ಟದಿಂದ ಬರುವುದು. ಕಾಡಿರುವ ಇಳಿಜಾರು ಮಳೆನೀರನ್ನು ಹೀರಿ ಜನವರಿಯವರೆಗೂ ಹಳ್ಳ ಹರಿಸುತ್ತದೆ. ಇಳಿಜಾರನ್ನು ಕಡಿದು ರೆಸಾರ್ಟಿಗೆ, ರಸ್ತೆಗೆ ಹರಡಿದರೆ ಜುಲೈನಲ್ಲಿ ಕೆಸರು, ಫೆಬ್ರವರಿಯಲ್ಲಿ ಒಣಹಳ್ಳ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿದಾಗ ಜೀವಗಳು ಹೋದವು, ಮನೆ-ತೋಟಗಳು ಹೋದವು. ಆ ಮಣ್ಣು, ಮರದ ದಿಮ್ಮಿ ಎಲ್ಲ ಪಯಸ್ವಿನಿಯಲ್ಲಿ ಕೆಳಗಿಳಿಯಿತು. ಮೇಲಿನ ದುಃಖವನ್ನು ನಾವು ಎಣಿಸಿದೆವು. ಕಾಸರಗೋಡಿನ ಹೊಳೆಬಾಯಲ್ಲಿ ಬಲೆ ಬಿಡುವ ಕುಟುಂಬಗಳಿಗೂ ಆ ಕೆಸರಿಗೂ ಏನು ಸಂಬಂಧ ಎಂಬುದು ನಮ್ಮ ಜಿಲ್ಲೆಯ ಯಾವ ಚರ್ಚೆಯಲ್ಲೂ ನನ್ನ ಕಿವಿಗೆ ಬೀಳಲಿಲ್ಲ.

ನೇತ್ರಾವತಿಯ ಮೇಲೆ ಒತ್ತಡ ಇನ್ನೂ ಹೆಚ್ಚು. ಸಕಲೇಶಪುರದ ಕಡೆಯ ಅದರ ತಲೆಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ, ಅದನ್ನು ಹಗುರವಾಗಿ ಕಾಣುವ ಹಕ್ಕು ಮಳೆ ಸುರಿಯುವ ಊರಿನ ನನಗಿಲ್ಲ. ಆದರೆ ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಅದಕ್ಕೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಗಲಿಲ್ಲ. ಉಳ್ಳಾಲದ ಅಳಿವೆಬಾಗಿಲಿನಲ್ಲಿ ಸಿಗಡಿ ಮರಿಗೆ ಯಾವ ತಿಂಗಳು ಎಷ್ಟು ಸಿಹಿನೀರು ಬೇಕು ಎಂಬ ಪ್ರಶ್ನೆ ಕಡತಕ್ಕೇ ಬರಲಿಲ್ಲ. ತುಂಬೆಯ ಕಿಂಡಿ ಅಣೆಕಟ್ಟು ಬೇಸಿಗೆಯಲ್ಲಿ ಮಂಗಳೂರಿಗೆ ನೀರು ಹಿಡಿದಿಟ್ಟ ಮೇಲೆ ಕೆಳಗೆ ಉಳಿಯುವುದು ಬಹುತೇಕ ಕಡಲ ಉಪ್ಪು. ಇಂಥ ಹೊತ್ತಿನಲ್ಲಿ ಕುಮಾರಧಾರೆ ತರುವ ಕೊಡಗಿನ ಪಾಲು ಹಿಂದೆಂದಿಗಿಂತ ಬೆಲೆಯುಳ್ಳದ್ದು.

2020ರಲ್ಲಿ ಘೋಷಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಗಾತ್ರ 20,050 ಕೋಟಿ ರೂಪಾಯಿ. ಬಂದರು, ಶೀತಲ ವಾಹನ, ಸಾಕಣೆ ಕೊಳ, ಆಳಸಮುದ್ರದ ಬೋಟು, ಎಲ್ಲಕ್ಕೂ ಅದರಲ್ಲಿ ತಲೆಬರಹವಿದೆ. ಅದರ ಸಣ್ಣದೊಂದು ಪಾಲಿನಲ್ಲಿ ಕರ್ನಾಟಕ ಈ ಕೆಲಸಗಳನ್ನು ಮಾಡಬಹುದು: ನೇತ್ರಾವತಿ-ಫಲ್ಗುಣಿ, ಸೀತಾ-ಸ್ವರ್ಣಾ, ಅಘನಾಶಿನಿ ಅಳಿವೆಗಳಲ್ಲಿ ವರ್ಷವಿಡೀ ಸಿಗಡಿ ಮರಿಯ ಗಣತಿ ಮತ್ತು ಉಪ್ಪಿನಂಶದ ಅಳತೆ, ಆಮೆಯ ಸಾಧನ ಹಾಕಿದ ಬೋಟಿಗೆ ಹೋದ ಮೀನಿನ ಲೆಕ್ಕದಲ್ಲಿ ಪರಿಹಾರ, ಸುಲಿಯುವ ಹೆಂಗಸರಿಗೆ ನಿಷೇಧದ ಎರಡು ತಿಂಗಳಲ್ಲೂ ಕೈಗೆ ಬರುವ ಕನಿಷ್ಠ ಕೂಲಿ. ಮಂಗಳೂರಿನಲ್ಲಿ ಕಾಲೇಜೂ ಸಂಶೋಧನಾ ಕೇಂದ್ರವೂ ಇವೆ, ತಿಳಿದವರಿಗೆ ಕೊರತೆಯಿಲ್ಲ. ಕೊಡಗಿನ ಕಡೆಯಿಂದ ಬೇಕಾದ್ದು ಇನ್ನೊಂದು. ಪಯಸ್ವಿನಿ, ಕುಮಾರಧಾರೆ, ಬಾರಾಪೊಳೆಗಳ ಇಳಿಜಾರಿನಲ್ಲಿ ಭೂಪರಿವರ್ತನೆಗೆ, ಹೊಳೆಯ ಮೇಲಿನ ಯಾವುದೇ ಯೋಜನೆಗೆ ಅನುಮತಿ ಕೊಡುವ ಮೊದಲು ಕೆಳಗಿನ ಅಳಿವೆಯ ಮೀನುಗಾರರ ಸಂಘಗಳ ಅಭಿಪ್ರಾಯವೂ ಮಡಿಕೇರಿಯ ಕಚೇರಿಯ ಕಡತದಲ್ಲಿರಬೇಕು, ಹೊಳೆ ಜಿಲ್ಲೆಯ ಗಡಿ ದಾಟಿ ಕೇರಳಕ್ಕೆ ಹೋಗುವುದಾದರೂ ಸರಿ.